ಬೋಧಕರನ್ನು ಬೆಳೆಸುವ ಹೊಣೆ ಯಾರದು?

ಒಂದು ಸಮುದಾಯದ ನೈತಿಕ ಆರೋಗ್ಯವನ್ನು ಅದರ ಆರಾಧನಾಲಯಗಳ ಎತ್ತರದಿಂದ ಅಳೆಯಲಾಗದು. ಅಲ್ಲಿ ನಿಂತು ಜನರಿಗೆ ದಾರಿ ತೋರುವ ವ್ಯಕ್ತಿಯನ್ನು ಆ ಸಮುದಾಯ ಹೇಗೆ ತರಬೇತುಗೊಳಿಸಿದೆ, ಹೇಗೆ ನಡೆಸಿಕೊಳ್ಳುತ್ತಿದೆ ಎಂಬುದರಿಂದ ಅದು ತಿಳಿಯುತ್ತದೆ. ಈ ವಿಷಯದಲ್ಲಿ ನಮ್ಮ ನೆರೆಯ ಕ್ರೈಸ್ತ ಬಾಂಧವರ ಅನುಭವವನ್ನು ನಾವು ಗಮನವಿಟ್ಟು ನೋಡಬೇಕಾಗಿದೆ. ಬದ್ರ್ ಯುದ್ಧದ ಅಕ್ಷರಸ್ಥ ಕೈದಿಗಳಿಂದ ಮದೀನಾದ ಮಕ್ಕಳಿಗೆ ವಿದ್ಯೆ ಕಲಿಸಲಾಯಿತೆಂದು ಚರಿತ್ರೆಯಲ್ಲಿ ಓದುವ ನಾವು, ನೆರೆಯವರಿಂದ ಕಲಿಯಲು ಹಿಂಜರಿಯಬೇಕಾದ ಅಗತ್ಯವೇನಿದೆ?

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್, ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಗದಗ-ಬೆಟಗೇರಿಗಳವರೆಗೂ ಹಬ್ಬಿತು. ಪರದೇಶದ ಬೋಧಕರಿಂದಲೇ ಸಭೆಗಳು ಬಹುಕಾಲ ನಡೆಯಲಾರವೆಂದು ಅದು ಬೇಗನೆ ಅರಿತುಕೊಂಡಿತು. 1847ರಲ್ಲಿ ಮಂಗಳೂರಿನ ಬಲ್ಮಠದಲ್ಲಿ ಸ್ಥಳೀಯರನ್ನು ತಯಾರಿಸುವ ಸೆಮಿನರಿ ಆರಂಭವಾಯಿತು. ಬಾಸೆಲ್‌ಗೆ ತೆರಳಿ ಶಿಕ್ಷಣ ಪಡೆದು, 1851ರಲ್ಲಿ ದೀಕ್ಷೆ ಹೊಂದಿ ಮರಳಿದ ಹರ್ಮನ್ ಆನಂದರಾವ್ ಕೌಂಡಿನ್ಯ ಅಲ್ಲಿ ಅಧ್ಯಾಪಕರಾದರು. ಕಲಿತವರನ್ನೇ ಕಲಿಸುವವರನ್ನಾಗಿ ಮಾಡಿದ ಆ ಪರಂಪರೆ, 1965ರಿಂದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ರೂಪದಲ್ಲಿ ಮುಂದುವರಿದಿದೆ. ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜು 1910ರಲ್ಲಿ ಸ್ಥಾಪನೆಯಾದುದು.

ಕೆಥೊಲಿಕ್ ಸಭೆಯದು ಇನ್ನಷ್ಟು ದೀರ್ಘವಾದ ಶಿಸ್ತು. ಮಂಗಳೂರಿನ ಜೆಪ್ಪುವಿನ ಸಂತ ಜೋಸೆಫರ ಗುರುಮಠ 1879ರಷ್ಟು ಹಳೆಯದು. 1983ರ ಸಭಾನಿಯಮಗಳ ಪ್ರಕಾರ ಗುರುಗಳಾಗುವವರು ತತ್ವಶಾಸ್ತ್ರ ಮತ್ತು ದೇವಶಾಸ್ತ್ರಗಳನ್ನು ಒಟ್ಟು 6 ವರ್ಷ ಅಭ್ಯಸಿಸಬೇಕು. ಅವರಿಗೆ ಯೋಗ್ಯ ಜೀವನಾಂಶವನ್ನೂ, ರೋಗ ಮತ್ತು ವೃದ್ಧಾಪ್ಯದಲ್ಲಿ ಆಸರೆಯನ್ನೂ ಒದಗಿಸುವುದು ಸಭೆಯ ಕರ್ತವ್ಯವೆಂದು ಅದೇ ನಿಯಮಗಳು ಹೇಳುತ್ತವೆ. ಅಲ್ಲಿ ಅದು ಯಾರದೋ ಔದಾರ್ಯಕ್ಕೆ ಬಿಟ್ಟ ಸಂಗತಿಯಲ್ಲ.

ಆದರೆ ಈ ವ್ಯವಸ್ಥೆ ಎಲ್ಲ ಪಾದ್ರಿಗಳಿಗೂ ದೊರೆತಿದೆಯೆಂದು ಭಾವಿಸಬೇಕಾಗಿಲ್ಲ. ಹಿರೇಕೆರೂರು ತಾಲೂಕಿನಿಂದ ಬೇರ್ಪಟ್ಟು ತಾಲೂಕು ಕೇಂದ್ರವಾದ ರಟ್ಟೀಹಳ್ಳಿಯಂತಹ ಸಣ್ಣ ಪಟ್ಟಣವನ್ನು ಊಹಿಸಿಕೊಳ್ಳಿ. ಇಂತಹ ಊರುಗಳಲ್ಲಿ ಬಾಡಿಗೆಯ ಕೋಣೆಯಲ್ಲಿ ಕೆಲವೇ ಕುಟುಂಬಗಳನ್ನು ಸೇರಿಸಿ ಪ್ರಾರ್ಥನೆ ನಡೆಸುವ ಸ್ವತಂತ್ರ ಸಭಾಪಾಲಕನ ಹಿಂದೆ ಯಾವ ದೊಡ್ಡ ಸಂಸ್ಥೆಯೂ ಇರುವುದಿಲ್ಲ. ಬಡ ಕುಟುಂಬಗಳ ಕಾಣಿಕೆಯೇ ಅವನ ಸಂಬಳ. ಅವನು ಕಾಯಿಲೆ ಬಿದ್ದರೆ ಸಭೆಯೂ ಮಲಗುತ್ತದೆ. 2022ರ ಮತಾಂತರ ನಿಷೇಧ ಕಾನೂನಿನ ನಂತರವಂತೂ ಅವನ ಪ್ರತಿಯೊಂದು ಪ್ರಾರ್ಥನಾ ಕೂಟವನ್ನೂ ಸಂಶಯದಿಂದ ನೋಡುವವರಿದ್ದಾರೆ. ಹೀಗಿರುವಾಗ ಕಾನೂನಿನ ಅರಿವು, ಲೆಕ್ಕಪತ್ರದ ಶಿಸ್ತು, ಸಂಯಮದ ಭಾಷೆ ಇಲ್ಲದ ಬೋಧಕನು ತನ್ನ ಸಭೆಯನ್ನು ಹೇಗೆ ಕಾಪಾಡಬಲ್ಲನು?

ಸಂಸಾರಸ್ಥನಾದ ಅವನಿಗೆ ಎಲ್ಲವನ್ನೂ ಬಿಟ್ಟು ಮಂಗಳೂರಿಗೆ ಹೋಗಿ ಓದಲು ಸಾಧ್ಯವಿಲ್ಲ. ಇದಕ್ಕೂ ಪರಿಹಾರವಿದೆ. 1963ರಲ್ಲಿ ಮಧ್ಯ ಅಮೆರಿಕದ ಗ್ವಾಟೆಮಾಲಾದ ಸೆಮಿನರಿಯೊಂದು, ವಿದ್ಯಾರ್ಥಿಗಳನ್ನು ಕರೆತರುವ ಬದಲು ಅಧ್ಯಾಪಕರನ್ನೇ ಹಳ್ಳಿಗಳ ಕಡೆಗೆ ಕಳುಹಿಸಿತು. ಪಾದ್ರಿಯು ಮನೆಯಲ್ಲಿ ಪಾಠ ಓದುವುದು, ನಿಗದಿತ ದಿನ ಸಮೀಪದ ಕೇಂದ್ರದಲ್ಲಿ ಅಧ್ಯಾಪಕರೊಡನೆ ಚರ್ಚಿಸುವುದು ಅಲ್ಲಿನ ಕ್ರಮವಾಗಿತ್ತು. ಈ ಪದ್ಧತಿಯು ಮುಂದೆ ಭಾರತಕ್ಕೂ ಬಂತು. ಸೇವೆಯಲ್ಲಿರುವಾಗಲೇ ಕಲಿಕೆ ಮುಂದುವರಿದರೆ ಬೋಧಕನು ಬತ್ತಿಹೋಗುವುದಿಲ್ಲ.

ಈಗ ನಮ್ಮ ಮಸೀದಿಗಳ ಕಡೆಗೆ ನೋಡೋಣ. ಇಮಾಮರಿಗೆ ವೇತನ ನೀಡುವುದು ವಕ್ಫ್ ಮಂಡಳಿಗಳ ಹೊಣೆಯೆಂದು 1993ರಲ್ಲಿ ಸುಪ್ರೀಮ್ ಕೋರ್ಟ್ ತೀರ್ಪು ನೀಡಿತು. 2025ರ ಮಾರ್ಚ್‌ನ ರಾಜ್ಯ ಬಜೆಟ್‌ನಲ್ಲಿ ಪೇಶ್ ಇಮಾಮರ ಮಾಸಿಕ ಗೌರವಧನವನ್ನು 6,000 ರೂಪಾಯಿಗೆ, ಮುಅದ್ದಿನ್‌ರದ್ದನ್ನು 5,000 ರೂಪಾಯಿಗೆ ಏರಿಸುವುದಾಗಿ ಘೋಷಿಸಲಾಯಿತು. ಇದನ್ನೇ ತುಷ್ಟೀಕರಣವೆಂದು ಬಣ್ಣಿಸಿ ಗದ್ದಲವೆಬ್ಬಿಸಲಾಯಿತು. ಅದೇ ಘೋಷಣೆಯಲ್ಲಿ ಜೈನ ಅರ್ಚಕರೂ ಸಿಖ್ ಗ್ರಂಥಿಗಳೂ ಇದ್ದುದನ್ನು ಗದ್ದಲವೆಬ್ಬಿಸಿದವರು ಮರೆತರು. ಅದಿರಲಿ. ಇಂದಿನ ಬೆಲೆಯೇರಿಕೆಯಲ್ಲಿ 6,000 ರೂಪಾಯಿಯಿಂದ ಒಂದು ಸಂಸಾರ ನಡೆಯುತ್ತದೆಯೇ? ಮದುವೆ ಮಂಟಪಕ್ಕೆ ಲಕ್ಷ ಸುರಿಯುವ ನಾವು ಇಮಾಮರ ಮನೆಯ ಮಾಡು ಸೋರುವುದನ್ನು ಕಂಡೂ ಕಾಣದಂತಿರುತ್ತೇವೆ.

ಇದು ಕೇವಲ ಹೊಟ್ಟೆಪಾಡಿನ ಪ್ರಶ್ನೆಯಲ್ಲ. ಊರಿನ ಪ್ರಮುಖನ ಕೃಪೆಯಲ್ಲಿ ಬದುಕುವ ಖತೀಬನು ಆ ಪ್ರಮುಖನ ಮನೆಯ ವರದಕ್ಷಿಣೆಯ ವಿರುದ್ಧ ಮಾತನಾಡಲಾರನು. ಕಾಣಿಕೆ ಕೊಡುವವನೇ ಬಡ್ಡಿ ವ್ಯವಹಾರ ನಡೆಸುತ್ತಿದ್ದರೆ ಪಾದ್ರಿಯ ನಾಲಗೆಯೂ ಕಟ್ಟಿಹೋಗುತ್ತದೆ. ನಾಳೆ ಕೆಲಸ ಹೋಗುವ ಭಯವುಳ್ಳವನಿಂದ ಸತ್ಯವನ್ನು ನಿರೀಕ್ಷಿಸುವುದು ಅನ್ಯಾಯ. ಅವನ ಮೌನದ ನಷ್ಟವನ್ನು ತೆರುವವರು ಮಾತ್ರ ನಮ್ಮ ಹೆಣ್ಣುಮಕ್ಕಳು ಮತ್ತು ಬಡವರು.

ಆದ್ದರಿಂದ ಪ್ರತಿಯೊಂದು ಜಮಾಅತ್ ಕೆಲವು ಹೆಜ್ಜೆಗಳನ್ನು ಇಡಬೇಕು. ಇಮಾಮರ ವೇತನ, ರಜೆ ಮತ್ತು ಸೇವಾವಧಿಯನ್ನು ಲಿಖಿತವಾಗಿ ನಿಗದಿಪಡಿಸಲಿ. ಯಾರೋ ಒಬ್ಬರ ಮುನಿಸಿಗೆ ಅವರನ್ನು ಹೊರಹಾಕುವ ಪದ್ಧತಿ ಕೊನೆಗೊಳ್ಳಲಿ. ಚಿಕಿತ್ಸೆ ಮತ್ತು ವೃದ್ಧಾಪ್ಯಕ್ಕಾಗಿ ಸುತ್ತಲಿನ ಹತ್ತಾರು ಮಸೀದಿಗಳು ಸೇರಿ ಒಂದು ನಿಧಿ ಸ್ಥಾಪಿಸಲಿ. ಕನ್ನಡ, ಕಾನೂನು, ಕೌಟುಂಬಿಕ ಆಪ್ತ ಸಲಹೆಗಳ ತರಬೇತಿಯನ್ನು ಹಾವೇರಿಯಂತಹ ಜಿಲ್ಲಾ ಕೇಂದ್ರಗಳಲ್ಲಿ ಏರ್ಪಡಿಸಿ, ವರ್ಷಕ್ಕೆ ಕೆಲವು ದಿನ ಅವರನ್ನು ಅಲ್ಲಿಗೆ ಕಳುಹಿಸಲಿ.

ಇನ್ನೊಂದು ಮಾತು. ತರಬೇತಿ ಪಡೆದ ಇಮಾಮರೂ ಸಭಾಪಾಲಕರೂ ಮಠದ ಸ್ವಾಮಿಗಳೂ ಪರಸ್ಪರ ಪರಿಚಿತರಾಗಿರುವ ಊರಿನಲ್ಲಿ ವದಂತಿಗಳು ಬೇಗ ಹಬ್ಬುವುದಿಲ್ಲ. ಸುದ್ದಿ ಬಂದ ಕ್ಷಣದಲ್ಲಿ ಒಬ್ಬರು ಇನ್ನೊಬ್ಬರನ್ನು ಕೇಳಿ ನಿಜ ತಿಳಿದುಕೊಳ್ಳುತ್ತಾರೆ. ನಮ್ಮ ಸಣ್ಣ ಪಟ್ಟಣಗಳಿಗೆ ಇಂದು ಅತ್ಯಗತ್ಯವಾಗಿರುವುದು ಈ ಪರಿಚಯ. ಬೋಧಕರನ್ನು ಬೆಳೆಸುವ ಖರ್ಚನ್ನು ದಾನವೆಂದು ಬಗೆಯದೆ, ನಮ್ಮ ಮಕ್ಕಳ ನಾಳೆಗಾಗಿ ಸಲ್ಲಿಸಬೇಕಾದ ಬಾಕಿಯೆಂದು ಬಗೆಯೋಣ. ಬರುವ ಶುಕ್ರವಾರ ನಮಾಝಿನ ಬಳಿಕ ನಮ್ಮ ಜಮಾಅತ್ ಸಮಿತಿಗಳು ಈ ವಿಷಯವನ್ನು ಚರ್ಚೆಗೆತ್ತಿಕೊಳ್ಳಲಿ.