ಗಣಕವಿಜ್ಞಾನದ ಸಂಶೋಧನೆ ಮತ್ತು ಹೂಲಿಯ ಶಾಸನಗಳು

ಕರ್ನಾಟಕದ ವಿಶ್ವವಿದ್ಯಾಲಯಗಳ ಗಣಕವಿಜ್ಞಾನ ವಿಭಾಗಗಳಿಗೆ ಕನ್ನಡ ಮಾಧ್ಯಮದಲ್ಲಿ ಓದಿ ಬರುವ ಗ್ರಾಮೀಣ ವಿದ್ಯಾರ್ಥಿಗಳು ಕಡಿಮೆಯೇನಲ್ಲ. ಪಾಠ, ಪ್ರಯೋಗಾಲಯ, ಪರೀಕ್ಷೆ, ಪ್ರಬಂಧ ಎಲ್ಲವೂ ಅಲ್ಲಿ ಇಂಗ್ಲಿಷಿನಲ್ಲಿಯೇ ನಡೆಯುತ್ತವೆ. ಹೀಗಾಗಿ ಅವರು ತಮ್ಮ ಭಾಷೆಯನ್ನು ವಿಭಾಗದ ಹೊರಗೆ ಬಿಟ್ಟು ಒಳಗೆ ಬರುವುದನ್ನು ಬೇಗನೆ ಕಲಿಯುತ್ತಾರೆ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ಅಥವಾ ಪಿಎಚ್.ಡಿ.ಗೆ ವಿಷಯ ಆಯ್ದುಕೊಳ್ಳುವಾಗ ಈ ರೂಢಿಯ ಪರಿಣಾಮ ಸ್ಪಷ್ಟವಾಗಿ ಕಾಣುತ್ತದೆ. ಅವಧಿ ಅಲ್ಪ, ಆದ್ದರಿಂದ ಸಿದ್ಧವಾಗಿ ದೊರೆಯುವ ದತ್ತಾಂಶವೇ ಸಂಶೋಧನೆಯ ಪ್ರಶ್ನೆಯನ್ನು ನಿರ್ಧರಿಸುತ್ತದೆ.

ದತ್ತಾಂಶ ದೊರೆತರೆ ಕನ್ನಡವೂ ಸಂಶೋಧನೆಯ ವಿಷಯವಾಗುತ್ತದೆ ಎಂಬುದಕ್ಕೆ ನಿದರ್ಶನವಿದೆ. 2019ರಲ್ಲಿ ವಿನಯ್ ಪ್ರಭು ಅವರು ಕೈಬರಹದ ಕನ್ನಡ ಅಂಕಿಗಳ 70,000 ಚಿತ್ರಗಳನ್ನು 'ಕನ್ನಡ-ಎಂನಿಸ್ಟ್' ಎಂಬ ಹೆಸರಿನಲ್ಲಿ ಮುಕ್ತವಾಗಿ ಒದಗಿಸಿದರು. ಕನ್ನಡ ಬಾರದವರೂ ಅದರ ಮೇಲೆ ಕೆಲಸ ಮಾಡಲು ಸಾಧ್ಯವಾಯಿತು. ಆದರೆ ಹತ್ತು ಅಂಕಿಗಳನ್ನು ಗುರುತಿಸಲು ಭಾಷಾಜ್ಞಾನ ಬೇಕಿಲ್ಲ. ಶಾಸನವನ್ನು ಓದಲು ಅದು ಬೇಕೇಬೇಕು.

ಸವದತ್ತಿಗೆ ಸಮೀಪದ ಹೂಲಿಯನ್ನು ಈ ದೃಷ್ಟಿಯಿಂದ ಗಮನಿಸಬಹುದು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಸಾವಿರ ಮಹಾಜನರ ಅಗ್ರಹಾರವಾಗಿದ್ದ ಈ ಊರಿನ ಶಾಸನಗಳನ್ನು ಎಲ್.ಡಿ. ಬಾರ್ನೆಟ್ ಅವರು 'ಎಪಿಗ್ರಾಫಿಯಾ ಇಂಡಿಕಾ'ದಲ್ಲಿ ಸಂಪಾದಿಸಿದ್ದಾರೆ. ಅವುಗಳಲ್ಲಿ ಊರಿನ ಹೆಸರು 'ಪೂಲಿ'. ಪಕಾರವು ಹಕಾರವಾದುದನ್ನು ತಿಳಿಯದ ಯಂತ್ರಕ್ಕೆ ಪೂಲಿ, ಹೂಲಿ ಎರಡೂ ಬೇರೆ ಬೇರೆ ಊರುಗಳೇ. ಹಳೆಯ ಶಾಸನಗಳ ಬರವಣಿಗೆಯಲ್ಲಿ ಎ-ಏ, ಒ-ಓ ಎಂಬ ಹ್ರಸ್ವದೀರ್ಘ ಭೇದವಿಲ್ಲ. ಪದಗಳ ನಡುವೆ ತೆರಪೂ ಇರುವುದಿಲ್ಲ. ಅರ್ಥ, ವ್ಯಾಕರಣ, ಛಂದಸ್ಸುಗಳನ್ನು ಬಲ್ಲವರು ಮಾತ್ರ ಇವನ್ನು ಬಿಡಿಸಬಲ್ಲರು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿಯಿದೆ. ಸವೆದುಹೋದ ಅಕ್ಷರಗಳನ್ನು ಸಂಪಾದಕರು ಊಹಿಸಿ ಕಂಸದೊಳಗೆ ತುಂಬಿರುತ್ತಾರೆ. ಕಲ್ಲಿನಲ್ಲಿ ಕಂಡದ್ದು ಯಾವುದು, ವಿದ್ವಾಂಸರು ಊಹಿಸಿದ್ದು ಯಾವುದು ಎಂಬುದನ್ನು ಬೇರ್ಪಡಿಸದೆ ಯಂತ್ರಕ್ಕೆ ಕಲಿಸಿದರೆ ಇಂದಿನ ಊಹೆಯೇ ನಾಳೆಯ ಆಧಾರವಾಗಿ ನಿಲ್ಲುತ್ತದೆ. ಶಾಸನಶಾಸ್ತ್ರದಲ್ಲಿ ಇದಕ್ಕಿಂತ ದೊಡ್ಡ ಅಪಾಯವಿಲ್ಲ.

ಭಾಷೆಯನ್ನು ಬಲ್ಲವರ ಕಣ್ಣು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಹಳಗನ್ನಡದ ೞಕಾರವೇ ಸಾಕ್ಷಿ. ಯುನಿಕೋಡ್‌ನಲ್ಲಿ ಈ ಅಕ್ಷರಕ್ಕೆ ಇಂಗ್ಲಿಷಿನಲ್ಲಿ 'ಕನ್ನಡ ಲೆಟರ್ ಫಾ' ಎಂಬ ತಪ್ಪು ಹೆಸರು ಸೇರಿಹೋಯಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿನ ನಿಯಮ. ಆದ್ದರಿಂದ ಸರಿಯಾದುದನ್ನು ಪರ್ಯಾಯ ನಾಮವಾಗಿ ಸೇರಿಸಲಾಯಿತೇ ಹೊರತು ಮೂಲದ ತಪ್ಪು ಹಾಗೆಯೇ ಉಳಿದಿದೆ.

ಶಾಸನಪಾಠಗಳನ್ನು ಗಣಕಕ್ಕೆ ಸಿದ್ಧಪಡಿಸುವುದು ಬೆರಳಚ್ಚಿನ ಕೆಲಸ, ಅದು ಸಂಶೋಧನೆಯಲ್ಲ ಎಂಬ ಆಕ್ಷೇಪ ಬರಬಹುದು. ಆದರೆ ಪಾಠಾಂತರ, ಊಹಾಪಾಠ, ಕಾಲಭೇದಗಳನ್ನು ಗುರುತಿಸಿ ದತ್ತಾಂಶವನ್ನು ರೂಪಿಸುವುದು ಗ್ರಂಥಸಂಪಾದನೆಯ ಮುಂದುವರಿಕೆಯೇ ಆಗಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಿಂದ ಆ ಪ್ರದೇಶದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುವ ಕಾರ್ಯವನ್ನು ಕೈಗೊಂಡಿದೆ. ಇಂಥ ಕೆಲಸ ಬೆಳಗಾವಿ, ಧಾರವಾಡ ಭಾಗದ ಶಾಸನಗಳಿಗೂ ವಿಸ್ತರಿಸಬೇಕು.

ಇದರ ಹೊಣೆ ಗಣಕವಿಜ್ಞಾನದವರದು ಮಾತ್ರವಲ್ಲ. ತಂತ್ರಜ್ಞಾನ ತಮಗೆ ಸಂಬಂಧಿಸಿದ್ದಲ್ಲವೆಂದು ಕನ್ನಡ ವಿಭಾಗಗಳು ದೂರ ಉಳಿದರೆ ತಪ್ಪಿನಲ್ಲಿ ಅವೂ ಪಾಲುಗೊಳ್ಳುತ್ತವೆ. ಗಣಕವಿಜ್ಞಾನದ ಸಂಶೋಧನ ವಿದ್ಯಾರ್ಥಿಗೆ ಕನ್ನಡದ ಅಧ್ಯಾಪಕರೊಬ್ಬರು ಸಹಮಾರ್ಗದರ್ಶಕರಾಗಬೇಕು. ಎರಡೂ ವಿಭಾಗಗಳ ವಿದ್ಯಾರ್ಥಿಗಳು ಹೂಲಿಯಂಥ ಊರುಗಳಲ್ಲಿ ಕೂಡಿ ಕ್ಷೇತ್ರಕಾರ್ಯ ಮಾಡಬೇಕು. ಹೀಗೆ ಸಿದ್ಧವಾದ ದತ್ತಾಂಶವನ್ನು ಸಂಶೋಧನೆಯೆಂದೇ ಮನ್ನಿಸಬೇಕು. ಆಗ ಸವದತ್ತಿ ಭಾಗದಿಂದ ಬಂದ ವಿದ್ಯಾರ್ಥಿಗೆ ತನ್ನ ಕನ್ನಡವು ಕೊರತೆಯಾಗಿ ಕಾಣದು. ಬೇರೆಯವರಲ್ಲಿಲ್ಲದ ಅರ್ಹತೆಯಾಗಿ ಒದಗುತ್ತದೆ.