ಸೇಡು ಯಾರ ಮೇಲೆ?

ಕಾದಾಟವೇ ಇಲ್ಲದ ಕಾಲದಲ್ಲಿ ಕತ್ತಿ ಕಟ್ಟಿಕೊಂಡವನ ಕೆಲಸವೇನು? 17ನೇ ಶತಮಾನದ ಜಪಾನಿನಲ್ಲಿ ಯಾಮಾಗಾ ಸೊಕೊ ಇದಕ್ಕೆ ಕನ್‌ಫ್ಯೂಷಿಯಸ್‌ನ ಚಿಂತನೆಯಲ್ಲಿ ಉತ್ತರ ಹುಡುಕಿದ: ಒಡೆಯನಿಗೆ ನಿಷ್ಠನಾಗಿದ್ದು, ಉಳಿದ ಜನಕ್ಕೆ ನಡತೆಯಲ್ಲಿ ಮೇಲ್ಪಂಕ್ತಿಯಾಗುವುದೇ ಸಮುರಾಯಿಯ ಕಸುಬು. ಅವನು ಗಡೀಪಾರಾಗಿ ಕೆಲವು ವರ್ಷ ಕಳೆದ ಅಕೊ ಸಂಸ್ಥಾನದಲ್ಲೇ ಆ ನೀತಿ ಮುಂದೆ ಒರೆಗೆ ಬಿತ್ತು. 1701ರಲ್ಲಿ ಅಲ್ಲಿನ ಒಡೆಯ ಅಸಾನೊ, ಎಡೊ ಕೋಟೆಯೊಳಗೆ ಕಿರಾ ಎಂಬ ಅಧಿಕಾರಿಯ ಮೇಲೆ ಕತ್ತಿ ಬೀಸಿದ. ಅಂದೇ ಅಸಾನೊಗೆ ಹೊಟ್ಟೆ ಬಗಿದುಕೊಂಡು ಸಾಯುವ ಶಿಕ್ಷೆಯಾಯಿತು. ಅವನ ಸಮುರಾಯಿಗಳು ಸುಮಾರು ಎರಡು ವರ್ಷ ಹೊಂಚಿ, ಚಳಿಗಾಲದ ಒಂದು ರಾತ್ರಿ ಕಿರಾನ ಮನೆಗೆ ನುಗ್ಗಿ ಕೊಂದರು. ತಲೆಯನ್ನು ತೊಳೆದು ಸೆಂಗಾಕುಜಿ ದೇಗುಲದಲ್ಲಿದ್ದ ಒಡೆಯನ ಗೋರಿಯ ಮುಂದಿಟ್ಟರು. ಸೋಜಿಗವೆಂದರೆ, ಅವರನ್ನು ಹೊಗಳಿದವರೂ ತೆಗಳಿದವರೂ ಕನ್‌ಫ್ಯೂಷಿಯಸ್‌ ಪಂಡಿತರೇ. ಮುರೊ ಕ್ಯೂಸೊ ಅವರನ್ನು ಧರ್ಮನಿಷ್ಠರೆಂದು ಕೊಂಡಾಡಿದ. ಸಾತೊ ನಾವೊಕಾತಾ ಒಪ್ಪಲಿಲ್ಲ: ಅಸಾನೊನನ್ನು ಸಾಯಿಸಿದ್ದು ದೇಶವಾಳುತ್ತಿದ್ದ ಷೋಗನ್‌ನ ಕಾನೂನು, ಕಿರಾ ಅಲ್ಲವಲ್ಲ, ಮತ್ತೆ ಸೇಡು ಯಾರ ಮೇಲೆ? ಈ ಜಗಳದಲ್ಲಿ ನಾನು ನಾವೊಕಾತಾನ ಪಕ್ಷ. ಎಷ್ಟೇ ನಿಷ್ಠೆಯಿದ್ದರೂ ಆ ಪ್ರಶ್ನೆಯನ್ನು ದಾಟಿ ಹೋಗಲಾಗದು. 1703ರಲ್ಲಿ ಆ ಸಮುರಾಯಿಗಳಲ್ಲಿ 46 ಮಂದಿಗೆ ಸಾವು ವಿಧಿಸಿದ ಸರ್ಕಾರವಾದರೋ, ಕಳ್ಳಕಾಕರಂತೆ ತಲೆ ಕಡಿಸದೆ, ಸಮುರಾಯಿಗೆ ತಕ್ಕಂತೆ ಹೊಟ್ಟೆ ಬಗಿದುಕೊಂಡು ಸಾಯಲು ಬಿಟ್ಟು, ಕಾನೂನನ್ನೂ ಅವರ ಮಾನವನ್ನೂ ಒಟ್ಟಿಗೇ ಉಳಿಸಲು ನೋಡಿತು.