ಸಾಫ್ಟ್‌ವೇರ್‌ಗೆ ಗೊತ್ತಿಲ್ಲದ ನಮ್ಮ ಟ್ರಾನ್ಸಿಸ್ಟರ್

ಶೃಂಗೇರಿ ತಾಲ್ಲೂಕಿನ ನಮ್ಮ ಅಡ್ಡಗದ್ದೆಯಲ್ಲಿ ಮಳೆ ಹಿಡಿದರೆ ಮೊದಲು ಕರೆಂಟ್ ಹೋಗುತ್ತೆ, ಹಿಂದೆಯೇ ಮೊಬೈಲ್ ಸಿಗ್ನಲ್. ನಾನು ಚಿಕ್ಕವನಿದ್ದಾಗ ಆಗ ಉಳಿಯುತ್ತಿದ್ದದ್ದು ಭದ್ರಾವತಿ ಆಕಾಶವಾಣಿ. ಆ ರೇಡಿಯೊ ಹುಚ್ಚೇ ನನ್ನನ್ನು ಎಲೆಕ್ಟ್ರಾನಿಕ್ಸ್ ಓದಿಗೆ ಹಚ್ಚಿದ್ದು.

ಕಾಲೇಜಿನ ಲ್ಯಾಬ್‌ನಲ್ಲಿ ಕೈಗೆ ಕೊಟ್ಟಿದ್ದು ಎಸ್‌ಎಲ್-100 ಟ್ರಾನ್ಸಿಸ್ಟರ್. ರಾಜ್ಯದ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ದಶಕಗಳಿಂದ ಪರಿಚಿತ ಹೆಸರು. ಅದೇ ಸರ್ಕ್ಯೂಟನ್ನು ಎಲ್‌ಟಿಸ್ಪೈಸ್ ಸಾಫ್ಟ್‌ವೇರ್‌ನಲ್ಲಿ ಪರೀಕ್ಷಿಸಲು ಹೋದರೆ, ಪಟ್ಟಿಯಲ್ಲಿ ಆ ಹೆಸರೇ ಇರಲಿಲ್ಲ. ಯಾವುದೋ ಒಂದು ಹಾಕಿ, ಗ್ರಾಫ್ ಬಂದರೆ ಸಾಕು ಅಂದರು. ಅಮೆರಿಕದ 2ಎನ್2222 ಹಾಕಿ ರೆಕಾರ್ಡ್ ಬರೆದೆವು. ಮಾರ್ಕ್ಸೂ ಬಂತು.

ಇದು ಸಣ್ಣ ವಿಷಯ ಅಲ್ಲ. ರೇಡಿಯೊ ತರಂಗಾಂತರಗಳಲ್ಲಿ ಟ್ರಾನ್ಸಿಸ್ಟರಿನ ಬೀಟಾ ಗೊತ್ತಿದ್ದರೆ ಸಾಲದು. ಒಳಗಿನ ಕೆಪ್ಯಾಸಿಟೆನ್ಸ್, ಟ್ರಾನ್ಸಿಟ್ ಟೈಮ್ ಕೂಡ ಬೇಕು. ಹ್ಯಾಮ್‌ಗಳು ಬಳಸುವ 7 ಮೆಗಾಹರ್ಟ್ಸ್‌ನಲ್ಲಿ ಕೆಲವೇ ಪಿಕೊಫ್ಯಾರಡ್ ಹೆಚ್ಚುಕಮ್ಮಿಯಾದರೂ ಆಸಿಲೇಟರ್ ದಾರಿ ತಪ್ಪುತ್ತೆ. ಸ್ಕ್ರೀನ್ ಮೇಲೆ ಪಾಸ್, ಮೇಜಿನ ಮೇಲೆ ಫೇಲ್.

ಹಾಗಂತ ಪರಿಹಾರ ಕಷ್ಟದ್ದೇನಲ್ಲ. ಮಾಡೆಲ್ ಅಂದರೆ ಒಂದು ಟೆಕ್ಸ್ಟ್ ಫೈಲ್, ಅಷ್ಟೆ. ಡೇಟಾಶೀಟ್ ಓದಿ, ಉಳಿದದ್ದನ್ನು ಅಳೆದು, 'ಡಾಟ್ ಮಾಡೆಲ್' ಎಂದು ಶುರುವಾಗುವ ಸಾಲಿನಲ್ಲಿ ಅಂಕಿಗಳನ್ನು ಬರೆದು ಸರ್ಕ್ಯೂಟಿಗೆ ಸೇರಿಸಿದರಾಯಿತು. 1973ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಿಂದ ಹೊರಬಂದ ಸ್ಪೈಸ್ ಜಗತ್ತಿಗೆಲ್ಲ ಹಬ್ಬಿದ್ದು ಅದನ್ನು ಮುಕ್ತವಾಗಿ ಹಂಚಿದ್ದರಿಂದ. ಅದೇ ಪರಂಪರೆಯ ಎನ್‌ಜಿಸ್ಪೈಸ್ ಬಳಸಿ ಐಐಟಿ ಬಾಂಬೆಯ ಫಾಸಿ ತಂಡ ಕಟ್ಟಿದ ಇಸಿಮ್ ಉಚಿತ. ಅದರಲ್ಲಿ ಮಾಡೆಲ್ ಎಡಿಟರ್ ಕೂಡ ಇದೆ.

ಹೈದರಾಬಾದಿನ ಹ್ಯಾಮ್ ಅಶರ್ ಫರ್ಹಾನ್ ತಮ್ಮ ಬಿಟೆಕ್ಸ್ ರೇಡಿಯೊದ ಕಾಯಿಲ್‌ಗಳನ್ನು ಸುತ್ತಿದ್ದು ನಲ್ಲಿಯ ವಾಷರ್ ಮೇಲೆ. ನಲ್ಲಿ ವಾಷರಿಗೆ ಯಾವ ಕಂಪನಿ ಮಾಡೆಲ್ ಕೊಡುತ್ತೆ? ಸುತ್ತಿದವರೇ ಅಳೆಯಬೇಕು. ಅಳೆಯಲು ಬಂದವರಿಗೆ ಪೇಟೆಯಲ್ಲಿ ಸಿಕ್ಕಿದ್ದೆಲ್ಲ ಬಿಡಿಭಾಗವೇ.

2021ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಸೆಮಿಕಂಡಕ್ಟರ್ ಯೋಜನೆಗೆ 76,000 ಕೋಟಿ ರೂಪಾಯಿ ಒಪ್ಪಿತು. ಫ್ಯಾಕ್ಟರಿ ಬರಲಿ, ಬೇಡ ಅನ್ನಲ್ಲ. ಆದರೆ ಕೈಯಲ್ಲಿರುವ ಬಿಡಿಭಾಗವನ್ನೇ ಅಳೆದು ವಿವರಿಸಲು ಕಲಿಸದೆ 'ಆತ್ಮನಿರ್ಭರ' ಅಂದರೆ, ಬೇರೆಯವರ ಪಟ್ಟಿಯಿಂದ ಆರಿಸುವ ಗಿರಾಕಿಗಳನ್ನಷ್ಟೇ ತಯಾರು ಮಾಡುತ್ತೇವೆ.

ಇದಕ್ಕೆ ಕೋಟಿಗಳು ಬೇಕಿಲ್ಲ. ಪ್ರತಿ ಲ್ಯಾಬ್‌ನಲ್ಲಿ ಒಂದು ಪ್ರಯೋಗ ಸೇರಿಸಿ: ನಿಮ್ಮ ಮೇಜಿನ ಎಸ್‌ಎಲ್-100 ಅಳೆಯಿರಿ, ಮಾಡೆಲ್ ಬರೆಯಿರಿ, ಎಲ್ಲರಿಗೂ ಸಿಗುವಂತೆ ಹಂಚಿ. ಮುಂದಿನ ವರ್ಷ ಬರುವ ಹುಡುಗಿ ಪಟ್ಟಿ ತೆರೆದಾಗ ಆ ಹೆಸರು ಅಲ್ಲಿರಲಿ.